ಕೆಲಸವಿಲ್ಲದ ಪೈಪು

"ಸುಮ್ನೆ ನಿಂತಿರೋದಾದ್ರೆ ಈ ಪೈಪ್ ಯಾಕೆ ಬೇಕು ಚಿಕ್ಕಮ್ಮಾ? ದಂಡಪಿಂಡ!"

ಚೂಟಿ ಕುರ್ಚಿಯ ಮೇಲೆ ನಿಂತು, ಖಾಲಿ ಮೀನಿನ ತೊಟ್ಟಿಯೊಳಗೆ ತಲೆ ತೂರಿಸಿ ಕೇಳಿದಳು. ಅವಳ ಚಿಕ್ಕಮ್ಮ ಪ್ಲಂಬರ್. ಪೆನ್ಸಿಲ್ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ.

"ನೋಡೇ, ಕೆಳಗೆ ಕಪಾಟಲ್ಲಿರೋ ಡಬ್ಬದಿಂದ ಮೋಟರ್ ನೀರನ್ನ ಮೇಲಕ್ಕೆ ತಳ್ತಾನೇ ಇರುತ್ತೆ. ಮೇಲೆ ಬಂದ ನೀರು ಈ ಗಿಡ್ಡ ಪೈಪಲ್ಲಿ ವಾಪಸ್ ಡಬ್ಬಕ್ಕೇ ಇಳಿಯುತ್ತೆ. ಅದಕ್ಕೆ ಕಸ ಕಟ್ಕೊಂಡ್ರೆ? ನೀರು ಏರುತ್ತೆ. ಆಗ ಈ ಉದ್ದ ಪೈಪಿನ ಬಾಯಿಗೆ ಬಿದ್ದು ಕೆಳಗೆ ಹೋಗುತ್ತೆ. ನೆಲಕ್ಕೆ ಚೆಲ್ಲಲ್ಲ."

"ಕಟ್ಕೊಳ್ದೇ ಇದ್ರೆ?"

"ಸುಮ್ನೆ ನಿಂತಿರುತ್ತೆ. ಅದೇ ಅದರ ಕೆಲಸ."

ಎಂಥ ಒಳ್ಳೆಯ ಕೆಲಸ! ಇಂಥದೊಂದು ತನಗೂ ಸಿಗಬಾರದೇ ಎಂದುಕೊಂಡಳು ಚೂಟಿ.

ಇಬ್ಬರೂ ಸೇರಿ ಹಳೇ ಕ್ಯಾಲೆಂಡರ್ ಹಿಂದೆ ಒಂದು ವಾರ ಪ್ಲಾನ್ ಬರೆದಿದ್ದರು. ಚಿಕ್ಕಮ್ಮ ಒಂದೊಂದು ಅಳತೆಯನ್ನೂ ಮೂರು ಮೂರು ಸಲ ಅಳಿಸಿ ಬರೆದಿದ್ದಳು. ಇಷ್ಟೆಲ್ಲ ಹುಷಾರಾಗಿರಲು ಕಾರಣ ಅಮ್ಮ. ಹೋದ ವರ್ಷ ವಾಷಿಂಗ್ ಮೆಷಿನ್ನಿನ ಪೈಪು ಕಿತ್ತುಹೋಗಿ ಕೆಳಗಿನ ಮನೆಯ ತಾತನ ಸೂರು ತೊಟ್ಟಿಕ್ಕಿತ್ತು. ಆ ತಾತ ಈಗಲೂ ಮೆಟ್ಟಿಲ ಮೇಲೆ ಅಮ್ಮನನ್ನು ಕಂಡರೆ ಸಾಕು, ಕತ್ತೆತ್ತಿ ಸೂರು ನೋಡುತ್ತಿದ್ದರು.

"ಭಾನುವಾರ ನನ್ನೆದುರಿಗೇ ಟೆಸ್ಟ್ ಮಾಡಿ," ಎಂದಿದ್ದಳು ಅಮ್ಮ. "ತೊಟ್ಟಿಯಿಂದ ಒಂದೇ ಒಂದು ಹನಿ ನೆಲಕ್ಕೆ ಬಿದ್ರೂ ಮೀನಿನ ಮಾತೇ ಎತ್ತೋ ಹಾಗಿಲ್ಲ."

ಶನಿವಾರ ಶಾಲೆಯಲ್ಲಿ ಗಣಿತದ ಟೆಸ್ಟ್ ಪೇಪರ್ ಕೊಟ್ಟರು. ಇಪ್ಪತ್ತೈದಕ್ಕೆ ಆರು. ಅಮ್ಮನ ಸೈನ್ ಬೇರೆ ಬೇಕಂತೆ.

ಚೂಟಿ ದಾರಿಯುದ್ದಕ್ಕೂ ಯೋಚಿಸಿದಳು. ಮೀನು ಬರುವ ಮೊದಲು ಇದನ್ನು ತೋರಿಸುವುದು ದಡ್ಡತನ. ಬಂದ ಮೇಲೆ ತೋರಿಸಿದರೆ? ಬಂದ ಮೀನನ್ನು ಯಾರಾದರೂ ಓಡಿಸುತ್ತಾರೆಯೇ? ಅಲ್ಲಿಯವರೆಗೆ ಬಚ್ಚಿಡಲು ಒಂದು ಜಾಗ ಬೇಕು. ಬ್ಯಾಗನ್ನು ಅಮ್ಮ ನೋಡುತ್ತಾಳೆ. ಬಟ್ಟೆ ಕಪಾಟನ್ನೂ ನೋಡುತ್ತಾಳೆ. ಹಾಸಿಗೆಯ ಅಡಿಯ ಜಾಗ ಆಗಲೇ ಭರ್ತಿ.

ಕೆಲಸವಿಲ್ಲದೆ ನಿಂತ ಆ ಪೈಪಿನೊಳಗೆ ಮಾತ್ರ ಯಾರೂ ನೋಡುವುದಿಲ್ಲ!

ಪೇಪರನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ತುರುಕಿ, ಉದ್ದ ಪೈಪಿನ ಬಾಯೊಳಗೆ ಕಾಣದ ಹಾಗೆ ಒತ್ತಿದಳು. ಬಿರಡೆ ಹಾಕಿದ ಹಾಗೆ ಬಿಗಿಯಾಗಿ ಕೂತಿತು. ಭಾನುವಾರದ ಟೆಸ್ಟ್ ಎಂದರೆ ಮೋಟರ್ ಹಾಕಿ ನೋಡುವುದಷ್ಟೇ ಎಂದು ಅವಳ ಎಣಿಕೆ.

ಭಾನುವಾರ ಬೆಳಿಗ್ಗೆ ಅಮ್ಮ ಹಳೇ ಟವೆಲುಗಳನ್ನು ತಬ್ಬಿಕೊಂಡು ಬಂದು ನಿಂತಳು. ಚಿಕ್ಕಮ್ಮ ಮೋಟರ್ ಹಾಕಿದಳು. ಗಿಡ್ಡ ಪೈಪಿನಲ್ಲಿ ನೀರು ತೆಪ್ಪಗೆ ಇಳಿಯಿತು.

"ಈಗ ಬೇಕಂತಲೇ ಗಿಡ್ಡ ಪೈಪ್ ಮುಚ್ತೀನಿ. ಮಜಾ ನೋಡಕ್ಕ," ಎಂದು ಚಿಕ್ಕಮ್ಮ ವಾಲ್ವ್ ತಿರುಗಿಸಿದಳು.

ಚೂಟಿ ಗಾಬರಿಯಿಂದ ಉದ್ದ ಪೈಪಿನ ಕಡೆ ನೋಡಿದಳು.

ನೀರು ಏರಿತು. ಉದ್ದ ಪೈಪಿನ ಬಾಯಿ ಮುಟ್ಟಿತು. ಅದನ್ನೂ ಮುಳುಗಿಸಿ ಮೇಲೇರಿತು. ಕೆಳಗಂತೂ ಇಳಿಯಲಿಲ್ಲ.

"ಅಯ್ಯೋ, ತುಂಬ್ತಾ ಇದೆ ಕಣೇ!" ಅಮ್ಮ ಕೂಗಿದಳು. "ಊರಿಗೆಲ್ಲ ಪೈಪ್ ಹಾಕ್ತೀಯ, ನಮ್ಮನೆಗೆ ಮಾತ್ರ ಹೀಗಾ?"

ಚಿಕ್ಕಮ್ಮನ ಬಾಯಿಂದ ಪೆನ್ಸಿಲ್ ಬಿತ್ತು. "ನಾನೇ ಎಲ್ಲೋ ಅಳತೆ ತಪ್ಪಿದೀನಿ ಅಕ್ಕ... ಮೋಟರ್ ಆಫ್ ಮಾಡ್ತೀನಿ. ಮೀನು ಬೇಡ ಬಿಡು." ಅವಳ ಮುಖ ಸಣ್ಣಗಾಗಿತ್ತು.

ಸುಮ್ಮನಿದ್ದರೆ ಪೇಪರ್ ಬಚಾವ್. ಆದರೆ ಚಿಕ್ಕಮ್ಮ ಅಳತೆ ತಪ್ಪಿರಲಿಲ್ಲ. ಅದು ಚೂಟಿಯೊಬ್ಬಳಿಗೇ ಗೊತ್ತು. ಅವಳಿಗೆ ಅಳುವೇ ಬಂದಂತಾಯಿತು.

"ಆಫ್ ಮಾಡ್ಬೇಡ!"

ಕುರ್ಚಿ ಹತ್ತಿ, ಮೊಣಕೈವರೆಗೂ ನೀರಿಗೆ ಕೈ ಹಾಕಿ ಎಳೆದಳು. ಪುಳಕ್ ಎಂದು ಸುರುಳಿ ಕೈಗೆ ಬಂತು. ಅಂಚು ಮುಟ್ಟಲು ಇನ್ನೊಂದು ಬೆರಳಷ್ಟೇ ಬಾಕಿಯಿದ್ದ ನೀರು ಗಳಗಳ ಸದ್ದು ಮಾಡುತ್ತ ಉದ್ದ ಪೈಪಿನಲ್ಲಿ ಇಳಿದುಹೋಯಿತು.

ಅಮ್ಮ ಮಂಡಿಯೂರಿ ನೆಲವೆಲ್ಲ ಸವರಿ ನೋಡಿದಳು. ಚೂಟಿಯ ಕಾಲ ಬಳಿ ಒಂದು ಹನಿ ಸಿಕ್ಕಿತು.

"ಅದು ತೊಟ್ಟಿದಲ್ಲಮ್ಮಾ, ನನ್ನ ಮೊಣಕೈದು!"

"ಮೊಣಕೈದು ಲೆಕ್ಕಕ್ಕಿಲ್ಲ. ಕೈಯಲ್ಲೇನು?"

ಕವರ್ ಬಿಚ್ಚಿದರೆ ಪೇಪರ್ ಒಂದಿಷ್ಟೂ ನೆಂದಿರಲಿಲ್ಲ. ಕೆಂಪು ಶಾಯಿಯ ಆರು ಫಳಫಳ ಹೊಳೆಯುತ್ತಿತ್ತು. ಚಿಕ್ಕಮ್ಮ ನಗು ತಡೆಯಲು ಪೆನ್ಸಿಲನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಅಮ್ಮ ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಸೈನ್ ಹಾಕಿದಳು. "ಇವತ್ತಿಂದ ದಿನಾ ಸಂಜೆ ಲೆಕ್ಕದ ಪುಸ್ತಕ ತಗೊಂಡು ನನ್ನ ಹತ್ರ ಕೂತ್ಕೋಬೇಕು."

"ಮೀನು?"

"ಕೊಟ್ಟ ಮಾತು ಮಾತೇ. ತೊಟ್ಟಿ ಚೆಲ್ಲಿಲ್ಲವಲ್ಲ."

ಚೂಟಿ ಕುಣಿಯಲಿಲ್ಲ. ನೀರು ತನ್ನ ಮಟ್ಟಕ್ಕೆ ಇಳಿದು ನಿಂತದ್ದನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಮ್ಮಾ, ನಿನ್ನ ಕೋಪ ಪೂರ್ತಿ ಇಳೀತಾ?"

"ಇನ್ನೂ ಇದೆ. ಯಾಕೆ?"

"ಹಾಗಾದ್ರೆ ಈಗ್ಲೇ ಹೇಳ್ಬಿಡ್ತೀನಿ, ಒಟ್ಟಿಗೇ ಹೋಗ್ಲಿ. ಸೈನ್ಸ್ ಪೇಪರೂ ಬಂದಿದೆ."

ಯಾರೂ ಕೇಳುವ ಮೊದಲೇ ಅವಳು ಹಾಸಿಗೆಯ ಅಡಿಯಿಂದ ಅದನ್ನು ತರಲು ಓಡಿದಳು.