ನರದ ಎಳೆಗೊಂದು ಹೊದಿಕೆ

ಮುಕುಂದ್ ನನ್ನ ಕಡೆ ನೋಡುವುದನ್ನು ನಿಲ್ಲಿಸಿದ್ದ.

ಬೈರಕೂರಿನ ಆ ಮನೆಯಲ್ಲಿ ಇದು ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಮೊದಲಾದರೆ ನಾನು ಕಾಫಿ ಕೊಟ್ಟಾಗ ಅವನ ಕಣ್ಣು ಲೋಟದ ಅಂಚಿನಿಂದ ಮೆಲ್ಲಗೆ ಮೇಲೇಳುತ್ತಿತ್ತು. ನನ್ನ ಬಳೆಗಳನ್ನು ದಾಟಿ, ಜುಮಕಿಯ ಬಳಿ ಒಂದು ಗಳಿಗೆ ತಂಗಿ, ಆಮೇಲೆ ನಗುತ್ತಿತ್ತು. ಈಗ ಲೋಟದಲ್ಲೇ ನಿಂತುಬಿಡುತ್ತಿತ್ತು.

ಅವನು ನನ್ನ ಸೋದರಮಾವನ ಕಿರಿಯ ಮಗ. ನನ್ನ ಅಕ್ಕ ಮಾಧವಿಯನ್ನು ಅವನ ಅಣ್ಣ ನಾಗರಾಜನಿಗೇ ಕೊಟ್ಟಿತ್ತು. ಅಕ್ಕ ಹೋದ ಮನೆಗೇ ತಂಗಿಯೂ ಹೋಗಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಸೂರ್ಯ ಮೂಡುವಂತೆ ಅದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಮುತ್ಯಾಲಮ್ಮ ಈ ಒಳಸಂಬಂಧವನ್ನು ಮೇನರಿಕ ಎನ್ನುತ್ತಿದ್ದರು.

ಅಕ್ಕನ ಮಗ ಕದಿರೇಶನ ಕಣ್ಣು ಗಾಳಿಗೆ ಸಿಕ್ಕ ದೀಪದ ಹಾಗೆ ಸದಾ ಅದುರುತ್ತಿತ್ತು. ವಯಸ್ಸು ನಾಲ್ಕಾದರೂ ಕತ್ತು ನಿಂತಿರಲಿಲ್ಲ. ಬೆಂಗಳೂರಿನ ಡಾಕ್ಟರು ಆ ಬೇಸಿಗೆಯಲ್ಲಿ ಕಾರಣ ಹೇಳಿದ್ದರು. ನರದ ಎಳೆಗಳಿಗೆ ಮೈಲಿನ್ ಎಂಬ ಪೊರೆ ಸುತ್ತಿಕೊಳ್ಳಬೇಕು. ಎಳೆಗೂಸಿನ ಮೆದುಳು ಆ ಹೊದಿಕೆ ಹೊದ್ದುಕೊಳ್ಳುತ್ತಲೇ ಬೆಳೆಯಬೇಕು. ಹೊದಿಕೆಯಿಲ್ಲದಿದ್ದರೆ ಮೆದುಳು ಹೇಳಿದ್ದು ಕೈಕಾಲಿಗೆ ತಲುಪುವ ಮೊದಲೇ ಮಂಕಾಗುತ್ತದೆ. ಒಂದು ಜೀನಿನಲ್ಲಿ ಆದ ಬದಲಾವಣೆ ಅದಕ್ಕೆ ಮೂಲ. ಅಕ್ಕ ಮತ್ತು ಬಾವ ಇಬ್ಬರಲ್ಲೂ ಆ ಜೀನಿನ ಒಂದು ಪ್ರತಿ ಕೆಟ್ಟಿತ್ತು. ಇನ್ನೊಂದು ಚೆನ್ನಾಗಿದ್ದುದರಿಂದ ಅವರಿಗೇನೂ ಆಗಿರಲಿಲ್ಲ. ಮಗುವಿಗೆ ಮಾತ್ರ ಎರಡು ಕಡೆಯಿಂದಲೂ ಕೆಟ್ಟದ್ದೇ ಬಂದಿತ್ತು. ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲವೇ?

2005ರ ಆಷಾಢ. ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆಯಿದ್ದ ಭಾನುವಾರ ಕೋಲಾರದಿಂದ ಬಂದಿದ್ದೆ. ಊಟದ ಎಲೆಯ ಮುಂದೆ ಅಜ್ಜಿ ಮಾತು ತೆಗೆದರು.

"ಶ್ರಾವಣದಲ್ಲಿ ಇವರಿಬ್ಬರದ್ದೂ ಮುಗಿಸಿಬಿಡೋಣ. ಏಮ್ರಾ ಮುಕುಂದಾ, ಬಾಯಲ್ಲಿ ಹೋಳಿಗೆ ಇದೆಯಾ?"

"ನನಗೆ ಇಷ್ಟ ಇಲ್ಲ ಅಜ್ಜಿ," ಎಂದು ಅವನು ಎದ್ದು ಹೋದ.

ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು.

ಮನೆಯ ಹಿಂದೆ ಅವನ ಮಾವಿನ ಸಸಿಗಳ ನರ್ಸರಿ. ಹಸಿರು ಪರದೆಯಡಿ ಬೆಳಕು ಕೊಳದ ನೀರಿನಂತೆ ತೂಗಾಡುತ್ತಿತ್ತು. ಅವನು ಕೂತು ಕಸಿ ಕಟ್ಟುತ್ತಿದ್ದ. ನಾನು ಎದುರಿಗೆ ನಿಂತೆ.

"ಯಾರವಳು?"

"ಯಾರು?"

"ನನಗಿಂತ ಚೆನ್ನಾಗಿರೋಳು."

"ಮುಳಬಾಗಿಲಲ್ಲಿ ಅಂಥೋರು ಬೇಕಾದಷ್ಟು ಜನ ಇದ್ದಾರೆ ಕಣೇ."

"ಹಾಗಾದ್ರೆ ಹೆಸರು ಹೇಳು."

ಸ್ವಲ್ಪ ಯೋಚಿಸಿ, "ಸುಬ್ಬರಾಯಪ್ಪನ ಮಗಳು," ಎಂದ.

"ಸುಬ್ಬರಾಯಪ್ಪಂಗೆ ಇರೋದೆಲ್ಲ ಗಂಡುಮಕ್ಕಳು. ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳೋದು ಕಲಿ ಬಾವ."

ಅವನ ತುಟಿಯ ತುದಿಯಲ್ಲಿ ನಗು ಮೂಡಿ ಅಲ್ಲೇ ಆರಿತು. ಕೈಯಲ್ಲಿದ್ದ ಪ್ಲಾಸ್ಟಿಕ್ ಪಟ್ಟಿ ಸಸಿಗೆ ಸುತ್ತಿಕೊಳ್ಳದೆ ಜಾರುತ್ತಿತ್ತು. ಕಣ್ಣು ಮುಚ್ಚಿಯೂ ಕಸಿ ಕಟ್ಟುವ ಕೈ ಅದು. ನನಗೆ ಭಯವಾಯಿತು.

"ಏನಾಯ್ತು? ಹೇಳು."

"ಕದಿರೇಶನ್ನ ಬೆಂಗಳೂರಿಗೆ ಕರ್ಕೊಂಡು ಹೋದಾಗ ನಾನೂ ಪರೀಕ್ಷೆಗೆ ರಕ್ತ ಕೊಟ್ಟೆ." ಅವನು ಪಟ್ಟಿಯನ್ನು ಕೆಳಗಿಟ್ಟ. "ನನ್ನಲ್ಲೂ ಅದು ಇದೆ ಶ್ರೀ. ನಿನ್ನಲ್ಲೂ ಇದ್ರೆ ನಮ್ಮ ಮಗು... ಅತ್ತಿಗೆ ಪಡೋ ಪಾಡು ನೀನು ದಿನಾ ನೋಡಿಲ್ಲ. ನಾನು ನೋಡಿದ್ದೀನಿ. ಹೊರಗಿನೋರನ್ನ ಮಾಡ್ಕೊಂಡ್ರೆ ನಿನಗೆ ಆ ಭಯ ಇರಲ್ಲ."

"ಅದಕ್ಕೆ ಇಷ್ಟ ಇಲ್ಲ ಅಂದ್ಯಾ?"

"ಬೈಕೊಂಡಾದ್ರೂ ಮರೆತುಬಿಡ್ತೀಯ ಅಂದ್ಕೊಂಡೆ."

ನಾನು ಬೀಗ ಹಾಕಿದ ಬಾಗಿಲನ್ನು ತಿರುಗಿ ಬಂದು ಎಳೆದು ನೋಡುವ ಹೆಂಗಸು. ಬಸ್ಸು ತಡವಾದರೆ ಅಪಘಾತವನ್ನೇ ಕಲ್ಪಿಸಿಕೊಳ್ಳುವವಳು. ಆದರೆ ಅವನು ಇಷ್ಟು ದಿನ ಒಬ್ಬನೇ ಈ ಭಯವನ್ನು ಹೊತ್ತು ತಿರುಗಿದ್ದ ಎಂದು ತಿಳಿದಾಗ ನನ್ನ ಎದೆ ವಿಚಿತ್ರವಾಗಿ ಹಗುರಾಯಿತು. ಅವನ ಪಕ್ಕದಲ್ಲಿ, ತೇವದ ಮಣ್ಣಿನ ಮೇಲೆ, ಹೊಸ ಸೀರೆಯ ಪರಿವೆಯಿಲ್ಲದೆ ಕೂತೆ.

"ನೀನು ರಕ್ತವನ್ನ ಕೇಳಿದೆ. ನನ್ನನ್ನ ಕೇಳಲೇ ಇಲ್ಲ."

"ಏನಂತ ಕೇಳಲಿ?"

"ಗಂಡಸರು ಹುಡುಗೀರನ್ನ ಏನಂತ ಕೇಳ್ತಾರೋ ಅದನ್ನ." ನಾನು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. "ನಾನೂ ರಕ್ತ ಕೊಡ್ತೀನಿ. ಅದು ಮಕ್ಕಳ ವಿಷಯ ಹೇಳುತ್ತೆ, ಅಷ್ಟೇ. ನನ್ನಲ್ಲೂ ಇದ್ರೆ ನಾವು ಹೆರೋದು ಬೇಡ. ಯಾವುದಾದ್ರೂ ಮಗುನ ತಂದು ಸಾಕೋಣ. ಆದ್ರೆ ರಿಪೋರ್ಟ್ ಬರೋಕೆ ಮುಂಚೆ ನೀನು ಕೇಳ್ಬೇಕು. ಅದು ಬಂದ ಮೇಲೆ ಕೇಳಿದ್ರೆ ನಾನು ಒಪ್ಪಲ್ಲ."

ಸಸಿಗಳ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಮಣ್ಣಾದ ಕೈಯನ್ನು ಪಂಚೆಗೆ ಒರೆಸಿಕೊಂಡು, ಸಾಲದೆಂಬಂತೆ ಮತ್ತೆ ಒರೆಸಿಕೊಂಡ.

"ಶ್ರೀಪ್ರಿಯಾ, ನನ್ನನ್ನ ಮದುವೆ ಆಗ್ತೀಯಾ?"

"ಹೂಂ."

"ಇಷ್ಟೇನಾ? ಅಷ್ಟು ಜಗಳ ಆಡಿ ಬರೀ ಹೂಂ?"

"ಮೊದಲು ಅಜ್ಜಿ ಹತ್ರ ಹೋಗಿ ಒದೆ ತಿನ್ನು. ಉಳಿದದ್ದು ಆಮೇಲೆ."

ಮುಂದಿನ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ನನ್ನ ತೋಳಿಗೆ ಪಟ್ಟಿ ಬಿಗಿದಳು. ಸೂಜಿ ನೋಡಿ ನಾನು ಮುಖ ತಿರುಗಿಸಿದೆ. ಇನ್ನೊಂದು ಕೈ ಮುಕುಂದನ ಅಂಗೈಯೊಳಗಿತ್ತು.

"ಇವರು ನಿಮಗೆ ಸಂಬಂಧವಾ?" ಎಂದು ನರ್ಸ್ ಕೇಳಿದಳು.

ಸೋದರಮಾವನ ಮಗ ಎಂದು ಹೇಳಬಹುದಿತ್ತು. ಅಲ್ಲಿ ಅವರಿಗೆ ಬೇಕಾಗಿದ್ದ ಉತ್ತರವೂ ಅದೇ.

"ಶ್ರಾವಣದಲ್ಲಿ ನಮ್ಮ ಮದುವೆ," ಎಂದೆ.