ಆರು ಮಗ್ಗಗಳ ಎದುರಲೆ

ಡಾ. ಕಸ್ತೂರಿ ಧ್ವನಿಪೆಟ್ಟಿಗೆಯ ಗುಂಡಿ ಒತ್ತಿದಳು. ಪಕ್ಕದ ಕೋಣೆಯಲ್ಲಿ ಆರು ವಿದ್ಯುತ್ ಮಗ್ಗಗಳು ಓಡುತ್ತಲೇ ಇದ್ದವು. ತೆರೆದ ಬಾಗಿಲಿನಿಂದ ಲಾಳಿಗಳು ಎಡಕ್ಕೂ ಬಲಕ್ಕೂ ಹಾರುವುದು ಕಾಣುತ್ತಿತ್ತು. ಆದರೆ ಅವುಗಳ ಸದ್ದು ಮಾತ್ರ ಇರಲಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ನಾಯಕಿಯೊಬ್ಬಳು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಕೂಡ ಕೇಳಿಸಿತು.

"ಮಗ್ಗ ನಿಂತಾವೇನು?" ಎಂದು ದಾನಮ್ಮ ಓಣಿಗೆಲ್ಲ ಕೇಳುವಂತೆ ಕಿರುಚಿದಳು.

"ಇಲ್ಲ ಅತ್ತಿ, ಓಡಾಕತ್ತಾವ. ನಿನಗ ಕೇಳಾಕತ್ತಿಲ್ಲ, ಅಷ್ಟ."

ದಾನಮ್ಮನ ಗಂಡ ಶ್ರೀಶೈಲಪ್ಪ ಎದ್ದು ಮಗ್ಗದ ಕೋಣೆಗೆ ಹೋದರು. ಅಲ್ಲಿ ಎಂದಿನ ಗದ್ದಲವೇ ಇತ್ತು. ಹೊಸ್ತಿಲು ದಾಟಿ ಪಡಸಾಲೆಗೆ ಬಂದರೆ ಮೌನ. ಹೀಗೆ ನಾಲ್ಕಾರು ಸಲ ಒಳಗೆ ಹೊರಗೆ ಓಡಾಡಿ, ಕೊನೆಗೆ ಸಂಶಯದಿಂದ ಕೇಳಿದರು:

"ಓಡೂ ಮಗ್ಗ ಸುಮ್ನಿರೂದು ಅಂದ್ರ ಏನ್ ಬೇ ಅರ್ಥ? ನನ್ನ ಮಗ್ಗಕ್ಕ ಏನ್ ಮಾಡೀದಿ?"

"ಮಗ್ಗಕ್ಕ ಏನೂ ಮಾಡಿಲ್ಲ ಮಾಮಾ. ಗಾಳಿಗೆ ಮಾಡೇನಿ."

ಕಸ್ತೂರಿ ಶ್ರೀಶೈಲಪ್ಪನವರ ಸತ್ತ ಅಕ್ಕನ ಮಗಳು. ಬನಹಟ್ಟಿಯ ಈ ಮನೆಯಲ್ಲಿಯೇ, ಈ ಮಗ್ಗಗಳ ಸದ್ದಿನಲ್ಲಿಯೇ ಬೆಳೆದವಳು. ಮುಂದೆ ಧ್ವನಿವಿಜ್ಞಾನ ಓದಿ, ಮನೆಗಳಲ್ಲಿ ಸಿನಿಮಾ ನೋಡುವವರಿಗಾಗಿ ಧ್ವನಿಪೆಟ್ಟಿಗೆಗಳನ್ನು ವಿನ್ಯಾಸ ಮಾಡುವ ಕೆಲಸ ಹಿಡಿದಳು. ಬೇರೆ ವಿನ್ಯಾಸಕಾರರೆಲ್ಲ ಪೆಟ್ಟಿಗೆಯ ಸದ್ದು ಹೇಗೆ ದೊಡ್ಡದಾದೀತು ಎಂದು ಯೋಚಿಸುತ್ತಿದ್ದ ಕಾಲದಲ್ಲಿ, ಇವಳು ಮನೆಯ ಸದ್ದು ಹೇಗೆ ಇಲ್ಲವಾದೀತು ಎಂದು ತಲೆ ಕೆಡಿಸಿಕೊಂಡಳು. ಅದಕ್ಕೆ ಕಾರಣ ಅವಳ ಅತ್ತೆ. ದಾನಮ್ಮನಿಗೆ ಸಿನಿಮಾ ಎಂದರೆ ಪ್ರಾಣ. ಆದರೆ ಮದುವೆಯಾಗಿ ಬಂದಂದಿನಿಂದ ಅವಳು ಒಂದು ಸಿನಿಮಾದ ಮಾತನ್ನೂ ನೆಟ್ಟಗೆ ಕೇಳಿದವಳಲ್ಲ. ಟೀವಿಯಲ್ಲಿ ಬಾಯಿಗಳು ಆಡುತ್ತಿದ್ದವು, ಮಗ್ಗಗಳು ಮಾತಾಡುತ್ತಿದ್ದವು. ಮಾತನ್ನೆಲ್ಲ ದಾನಮ್ಮ ತಾನೇ ಕಟ್ಟಿಕೊಳ್ಳುತ್ತಿದ್ದಳು. ನಾಯಕಿಯ ಅಣ್ಣನನ್ನು ದಾನಮ್ಮ ಅವಳ ಗಂಡನೆಂದು ತಿಳಿದು, ಓಣಿಯ ಹೆಂಗಸರಿಗೆಲ್ಲ ಆ ಕಥೆಯನ್ನೇ ಕಣ್ಣೀರು ಬರುವಂತೆ ಹೇಳಿದ್ದುಂಟು. ಮೂಲ ಕಥೆಗಿಂತ ಅದೇ ಚೆನ್ನಾಗಿತ್ತೆಂದು ಕಸ್ತೂರಿಗೆ ಇಂದಿಗೂ ಅನ್ನಿಸುತ್ತದೆ.

ಸದ್ದು ಎಂದರೆ ಗಾಳಿಯಲ್ಲಿ ಏಳುವ ಅಲೆ. ಗಾಳಿ ಒತ್ತುತ್ತದೆ, ಸಡಿಲುತ್ತದೆ; ಮತ್ತೆ ಒತ್ತುತ್ತದೆ, ಸಡಿಲುತ್ತದೆ. ಮಗ್ಗದ ಅಲೆ ಒತ್ತುವ ಕ್ಷಣಕ್ಕೆ ಸರಿಯಾಗಿ ಧ್ವನಿಪೆಟ್ಟಿಗೆಯು ಸಡಿಲುವ ಅಲೆಯನ್ನು ಕಳಿಸಿದರೆ ಎರಡೂ ಸೇರಿ ಸೊನ್ನೆಯಾಗುತ್ತವೆ. ಹಗ್ಗಜಗ್ಗಾಟದಲ್ಲಿ ಎರಡು ಕಡೆಯ ಬಲವೂ ಸಮವಾಗಿದ್ದರೆ ಹಗ್ಗ ಅಲುಗದೆ ನಿಲ್ಲುವುದಿಲ್ಲವೇ, ಹಾಗೆ. ಪೆಟ್ಟಿಗೆಯಿಂದ ಹೊರಡುವ ಈ ಎದುರಾಳಿ ಅಲೆಗೆ ಕಸ್ತೂರಿ 'ಎದುರಲೆ' ಎಂದು ಹೆಸರಿಟ್ಟಳು. ಎದುರಲೆ ಹಬ್ಬಿರುವ ಜಾಗ 'ಮೌನವಲಯ'. ಅದರೊಳಗೆ ಕುಳಿತವರಿಗೆ ಸಿನಿಮಾ ಮಾತ್ರ ಕೇಳುತ್ತದೆ.

ಹೇಳುವುದು ಸುಲಭ. ಪ್ರಯೋಗಾಲಯದಲ್ಲಿ ಚಂದವಾಗಿ ನಡೆದ ಯಂತ್ರ ಬನಹಟ್ಟಿಯಲ್ಲಿ ಮೊದಮೊದಲು ಮುಗ್ಗರಿಸಿತ್ತು. ಇಲ್ಲಿ ಸದ್ದು ಗಾಳಿಯಲ್ಲಷ್ಟೇ ಬರುತ್ತಿರಲಿಲ್ಲ. ನೆಲದ ಪರಸಿ ಕಲ್ಲಿನಲ್ಲಿ ಬರುತ್ತಿತ್ತು, ಗೋಡೆಯಲ್ಲಿ ಬರುತ್ತಿತ್ತು, ಸ್ಟೀಲಿನ ಡಬ್ಬಿಗಳ ಸಾಲಿನಲ್ಲಿ ಗಿಜಿಗುಡುತ್ತಿತ್ತು. ಸದ್ದನ್ನು ಕೇಳಿದ ಮೇಲೆ ಎದುರಲೆ ಕಳಿಸಿದರೆ ಅಷ್ಟರಲ್ಲಿ ತಡವಾಗಿರುತ್ತಿತ್ತು. ಕಸ್ತೂರಿ ಪೆಟ್ಟಿಗೆಯನ್ನು ಬದಲಿಸಿದಳು. ಮಂಚದ ಕೆಳಗೆ ಒಂದು, ಮೂಲೆಗಳಲ್ಲಿ ನಾಲ್ಕು, ಪರದೆಯ ಅಡಿಯಲ್ಲಿ ಒಂದು. ಪ್ರತಿಯೊಂದರಲ್ಲೂ ಒಂದು ಮೈಕು. ಈ ಪೆಟ್ಟಿಗೆಗಳು ಮೊದಲ ವಾರ ಸುಮ್ಮನೆ ಕುಳಿತು ಮನೆಯನ್ನು ಆಲಿಸುತ್ತಿದ್ದವು. ಇದಕ್ಕೆ ಅವಳು 'ಮನೆಪಾಠ' ಎಂದಳು. ಮಗ್ಗದ ಬಡಿತಕ್ಕೊಂದು ತಾಳವಿದೆ. ತಾಳ ಕಲಿತ ಪೆಟ್ಟಿಗೆ ಮುಂದಿನ ಬಡಿತವನ್ನು ಮೊದಲೇ ಊಹಿಸಿ, ಎದುರಲೆಯನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಿತ್ತು.

ಒಂದು ತೊಡಕು ಉಳಿದಿತ್ತು. ಸಿನಿಮಾದಲ್ಲಿ ಹೊಡೆದಾಟ ಬಂದರೆ ಮೈಕುಗಳು ಗಲಿಬಿಲಿಯಾಗಿ ತಾಳ ತಪ್ಪುತ್ತಿದ್ದವು. ಆಗ ಕಸ್ತೂರಿ ಯಂತ್ರಕ್ಕೆ ಒಂದು ಮಾತು ಕಲಿಸಿದಳು: ಸಂಶಯ ಬಂದಾಗ ಕಿವಿಯನ್ನು ನಂಬಬೇಡ, ನೆನಪನ್ನು ನಂಬು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಾರಲ್ಲ, ಅದನ್ನು ಅವಳು ಮರೆಯಲಿಲ್ಲ. ಆ ದಿನ ಎದುರಲೆ ತಾನೇ ನಿಲ್ಲಲೆಂದು ಪಂಚಾಂಗವನ್ನೇ ಯಂತ್ರದೊಳಗೆ ತುಂಬಿದಳು. ಅಷ್ಟೆಲ್ಲ ಯೋಚಿಸಿದವಳಿಗೆ, ಮಗ್ಗವೇ ಇಲ್ಲದ ದಿನವೊಂದು ಬರಬಹುದು ಎಂದು ಹೊಳೆಯಲಿಲ್ಲ. ಬೇರೆ ಊರಿನ ಎಂಜಿನಿಯರ್ ಆಗಿದ್ದರೆ ಹೊಳೆಯುತ್ತಿತ್ತೋ ಏನೋ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಮಗ್ಗ ನಿಲ್ಲುವುದೆಂದರೆ ಅಮಾವಾಸ್ಯೆ, ಅಷ್ಟೇ.

ಪೆಟ್ಟಿಗೆಗಳು ನೇಕಾರರ ಊರುಗಳಲ್ಲೆಲ್ಲ ಬಿಸಿ ಮಿರ್ಚಿ ಭಜಿಯಂತೆ ಖರ್ಚಾದವು. ದಾನಮ್ಮ ಹಳೆಯ ಸಿನಿಮಾಗಳನ್ನೆಲ್ಲ ಮೊದಲಿನಿಂದ ನೋಡಿದಳು. "ಅಯ್ಯ, ಇವ ಅಣ್ಣ ಆಗಬೇಕಿತ್ತೇನು!" ಎಂದು ಕೆನ್ನೆ ಬಡಿದುಕೊಂಡಳು. ಶ್ರೀಶೈಲಪ್ಪನವರು ಮಾತ್ರ ಸಿನಿಮಾದ ನಡುವೆ ಎದ್ದು ಹೋಗಿ, ಮಗ್ಗಗಳು ಓಡುತ್ತಿವೆಯೆಂದು ಕಣ್ಣಾರೆ ನೋಡಿ ಬರುತ್ತಿದ್ದರು.

ವರ್ಷಗಳು ಕಳೆದವು. ನೂಲನ್ನು ನೇಯದೆ, ನಾರು ಕಲಸಿದ ದ್ರಾವಣವನ್ನು ಅಚ್ಚಿನ ಮೇಲೆ ಸಿಂಪಡಿಸಿ ಬಟ್ಟೆ ಮಾಡುವ ಯಂತ್ರ ಬಂತು. ಸೀರೆಗೆ ಸೀರೆ, ಅಂಚಿಗೆ ಅಂಚು, ಎಲ್ಲ ಸಿಂಪಡಣೆ. ಉದ್ದೆಳೆಯ ಹಾಸೂ ಇಲ್ಲ, ಅಡ್ಡೆಳೆಯ ಹೊಕ್ಕೂ ಇಲ್ಲ. ಬನಹಟ್ಟಿಯ ಓಣಿಗಳು ಒಂದೊಂದಾಗಿ ಸುಮ್ಮನಾದವು. ಒಂದು ಶ್ರಾವಣದಲ್ಲಿ ಶ್ರೀಶೈಲಪ್ಪನವರೂ ತಮ್ಮ ಆರು ಮಗ್ಗಗಳನ್ನು ಗುಜರಿಯವನ ಲಾರಿಗೆ ಹತ್ತಿಸಿದರು. ಲಾರಿ ತಿರುವು ದಾಟುವ ತನಕ ಓಣಿಯಲ್ಲಿ ನಿಂತಿದ್ದು ಒಳಗೆ ಬಂದರು. ಅತ್ತರೆಂದು ಯಾರೂ ಹೇಳಲಿಲ್ಲ. ಊಟ ಮಾಡಿದರೆಂದೂ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಕಸ್ತೂರಿಗೆ ಅತ್ತೆಯ ಫೋನು ಬಂತು.

"ನಿಮ್ಮ ಮಾಮಾನ ತಲಿ ಸರಿ ಇಲ್ಲವಾ. ಖಾಲಿ ಕ್ವಾಣ್ಯಾಗ ಎಣ್ಣಿ ಡಬ್ಬಿ ಹಿಡಕೊಂಡು ಹೊಕ್ಕಾರ. ಮೂರನೇ ಮಗ್ಗದ ಪಟ್ಟಿ ಸಡ್ಲ ಆಗೈತಿ ಅಂತಾರ. ಎಲ್ಲೈತಿ ಮಗ್ಗ? ವಿಜಾಪುರದಾಗ ತಲಿ ಡಾಕ್ಟರ್ ಅದಾರಂತ. ಕರಕೊಂಡು ಹೋಗೂದ್ರೊಳಗ ನೀ ಒಮ್ಮೆ ಬಂದು ಹೋಗು. ನಂಗ ಹೆದರಿಕಿ ಆಗೈತಿ."

ಕಸ್ತೂರಿ ಮರುದಿನವೇ ಬಂದಳು. ಮಾಮಾ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತಿದ್ದರು. ಬಡವಾಗಿದ್ದರು. ದಾನಮ್ಮ ಚಹಾ ಕೊಟ್ಟಳು. ಕಸ್ತೂರಿ ಊರಿನ ಸುದ್ದಿ ಕೇಳಿದಳು, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತೊಟ್ಟಿಲು ಎಂದೆಲ್ಲ ವಿಚಾರಿಸಿದಳು. ಮೂವರೂ ಹಳೆಯ ರೂಢಿಯಂತೆ ಗಂಟಲೆತ್ತಿ ಮಾತಾಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಮನೆಗೆ ಬಂದ ಸಮಾಧಾನ ಅವಳ ಮೈಯೆಲ್ಲ ಹಬ್ಬಿತು. ಚಹಾದ ಕಪ್ಪು ಖಾಲಿಯಾಗಿ ಅದನ್ನು ನೆಲಕ್ಕಿಟ್ಟ ಮೇಲೂ ಅದು ಸಣ್ಣಗೆ ನಡುಗುತ್ತಿರುವುದು ಕಂಡಿತು.

ಆಗ ಅವಳಿಗೆ ಗೊತ್ತಾಯಿತು. ಮಗ್ಗಗಳು ಓಡುತ್ತಿದ್ದವು. ಆರೂ ಓಡುತ್ತಿದ್ದವು. ಬಂದಾಗಿನಿಂದ ಅವಳು ಆ ಸದ್ದನ್ನು ಕೇಳುತ್ತಿದ್ದಳು; ಈ ಮನೆಯಲ್ಲಿ ಅದು ಇರುವುದೇ ಸರಿಯೆಂದು ಅವಳ ಕಿವಿ ಒಪ್ಪಿಕೊಂಡಿತ್ತು.

ಅವಳು ದಡಕ್ಕನೆ ಎದ್ದು ಪಕ್ಕದ ಕೋಣೆಗೆ ಹೋದಳು. ನೆಲದ ಮೇಲೆ ಮಗ್ಗದ ಕಾಲುಗಳ ಎಣ್ಣೆಗಲೆ ಬಿಟ್ಟರೆ ಮತ್ತೇನೂ ಇರಲಿಲ್ಲ. ತಿರುಗಿ ಬಂದು, ವರ್ಷಗಳಿಂದ ಯಾರೂ ಆರಿಸದಿದ್ದ ಧ್ವನಿಪೆಟ್ಟಿಗೆಯ ಗುಂಡಿ ಒತ್ತಿದಳು. ಸದ್ದು ನಿಂತಿತು. ಮತ್ತೆ ಒತ್ತಿದಳು. ಮಗ್ಗಗಳು ಓಡತೊಡಗಿದವು.

"ಮಾಮಾ, ನಿಮಗ ಮಗ್ಗದ ಸಪ್ಪಳ ಕೇಳ್ತೈತೇನ್ರಿ?"

ಶ್ರೀಶೈಲಪ್ಪನವರು ಹೆಂಡತಿಯ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದರು. "ಕೇಳ್ತೈತಿ. ನನಗೊಬ್ಬಾವಗ ಕೇಳ್ತೈತಿ ಅಂತ ಸುಮ್ಮನಾಗೀನಿ."

"ನಿಮಗೊಬ್ಬರಿಗಽ ಅಲ್ಲ. ನನಗೂ ಕೇಳಾಕತ್ತೈತಿ."

ಆಗ ದಾನಮ್ಮ ಗೋಡೆಗೆ ಒರಗಿ ಕುಸಿದು ಕುಳಿತಳು. "ನಂಗೂ ಕೇಳ್ತೈತವಾ," ಎಂದಳು. "ನಂದೂ ತಲಿ ಕೆಟ್ಟೈತಿ ಅಂತ ಹೇಳಲಿಲ್ಲ. ಇಬ್ಬರೂ ಡಾಕ್ಟರ್ ಕಡೆ ಹ್ವಾದ್ರ ನೋಡವ್ರು ಯಾರು?"

ಕಸ್ತೂರಿ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ತಿಳಿಸಿ ಹೇಳಿದಳು. ಮಗ್ಗದ ಅಲೆಗೂ ಎದುರಲೆಗೂ ಕಿವಿಯ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ. ಎರಡೂ ಕೂಡಿದಾಗ ಮೌನ. ಒಂದೇ ಉಳಿದರೆ ಅದೂ ಮಗ್ಗದ ಸದ್ದೇ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಬಿಟ್ಟು ಹೋದರೂ ಇನ್ನೊಂದು ಕಡೆಯವರು ಎಳೆಯುತ್ತಲೇ ಇದ್ದರು. ನೆನಪನ್ನೇ ನಂಬು ಎಂದು ಅವಳೇ ಕಲಿಸಿದ್ದಳಲ್ಲ, ಯಂತ್ರ ನಂಬಿಕೊಂಡು ಕುಳಿತಿತ್ತು. ಅದರಲ್ಲೂ ತಗ್ಗು ಸ್ವರದ ಸದ್ದು ಎಲ್ಲಿಂದ ಬರುತ್ತದೆಂದು ಕಿವಿಗೆ ತಿಳಿಯುವುದಿಲ್ಲ. ರೂಢಿಯ ಬಲದಿಂದ ಅದು ಮಗ್ಗದ ಕೋಣೆಯಿಂದಲೇ ಬಂದಂತೆ ಇವರಿಗೆ ಅನ್ನಿಸಿತ್ತು.

ಹೇಳುತ್ತ ಹೇಳುತ್ತ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ನೇಕಾರರ ಊರುಗಳಲ್ಲಿ ಇಂಥ ನೂರಾರು ಪೆಟ್ಟಿಗೆಗಳಿದ್ದವು. ಎಲ್ಲ ಕಡೆಯೂ ಮಗ್ಗಗಳು ಗುಜರಿಗೆ ಹೋಗಿದ್ದವು. ಆದರೆ ಪೆಟ್ಟಿಗೆ ಸದ್ದು ಮಾಡುತ್ತದೆ ಎಂಬ ದೂರು ಒಂದೇ ಒಂದು ಮನೆಯಿಂದಲೂ ಬಂದಿರಲಿಲ್ಲ. ಎಷ್ಟು ಮನೆಗಳಲ್ಲಿ ಜನ ಹೀಗೆ, ತಮಗೊಬ್ಬರಿಗೇ ಕೇಳುತ್ತಿದೆ ಎಂದುಕೊಂಡು, ಬಾಯಿ ಮುಚ್ಚಿ ಕುಳಿತಿದ್ದಾರೋ! ಅವಳ ಕಣ್ಣು ತುಂಬಿ ಬಂತು.

"ನಿಮ್ಮ ತಲಿ ಭೇಷ್ ಐತಿ ಮಾಮಾ. ತಪ್ಪು ನಂದು. ಈ ನೆನಪು ಅಳಿಸಿದ್ರ ಮುಗೀತು. ಅಳಿಸ್ಲೇನ್ರಿ? ಬ್ಯಾಡ ಅಂದ್ರ ಬಿಡ್ತೀನಿ."

ಶ್ರೀಶೈಲಪ್ಪನವರು ಮಗ್ಗದ ಸದ್ದಿನ ಕಡೆಗೆ ತಿರುಗಿದರು. ಕಣ್ಣು ಮುಚ್ಚಿ ಕುಳಿತು ಕೇಳಿದರು. "ಇದು ಅಪ್ಪ ತಂದದ್ದು," ಎಂದರು. ಇನ್ನೊಂದು ಬಡಿತಕ್ಕೆ ಕಿವಿಗೊಟ್ಟು, "ಇದು ನಿಮ್ಮವ್ವನ ಮದುವಿ ವರ್ಷ ತಂದದ್ದು. ಭಾಳ ಕಾಟ ಕೊಡ್ತಿತ್ತು." ಹೀಗೆ ಒಂದೊಂದನ್ನೇ ಸದ್ದಿನಲ್ಲಿ ಗುರುತಿಸಿದರು. ಮೂರನೆಯದರ ಪಟ್ಟಿ ನಿಜಕ್ಕೂ ಸಡಿಲವಾಗಿತ್ತು; ಪೆಟ್ಟಿಗೆ ಅದನ್ನೂ ಬಿಡದೆ ಕಲಿತಿತ್ತು. ಕಸ್ತೂರಿಗೆ ಬೇಸಿಗೆಯ ಮಧ್ಯಾಹ್ನಗಳು ನೆನಪಾದವು. ನೂಲಿನ ಉಂಡೆಗಳ ರಾಶಿಯ ಮೇಲೆ ಮಲಗಿದರೆ ಈ ಬಡಿತವೇ ಜೋಗುಳವಾಗಿ ನಿದ್ದೆ ಬರುತ್ತಿತ್ತು. ಅವಳಿಗೂ ಅಳಿಸುವ ಮನಸ್ಸಿರಲಿಲ್ಲ.

ಕೊನೆಗೆ ಮಾಮಾ ಕಣ್ಣು ತೆರೆದು ಹೇಳಿದರು: "ಅಳಸು. ಇಲ್ಲದ್ದು ಇಲ್ಲ ಅಂತ ಗೊತ್ತಾಗ್ಲಿ. ಇಲ್ಲಾಂದ್ರ ನಾ ಎಣ್ಣಿ ಡಬ್ಬಿ ಹಿಡಕೊಂಡು ತಿರಗೂದು ತಪ್ಪೂದಿಲ್ಲ."

ಕಸ್ತೂರಿ ಅಳಿಸಿದಳು.

ಮನೆ ನಿಶ್ಶಬ್ದವಾಯಿತು. ಹೊರಗೆ ಸೈಕಲ್ಲೊಂದು ಹೋದದ್ದು ಕೇಳಿಸಿತು. ಗಂಡನ ಮುಖ ನೋಡಲಾರದೆ ದಾನಮ್ಮ, "ರೊಟ್ಟಿ ಮಾಡ್ಲೇನ್ರೀ?" ಎಂದು ಒದರಿದಳು.

ಎಂದಿನಂತೆ ಶ್ರೀಶೈಲಪ್ಪನವರು ಹ್ಞೂಂ ಎಂಬಂತೆ ಗೋಣು ಹಾಕಿದರು. ಮರುಕ್ಷಣ ತಾವೇ ನಕ್ಕುಬಿಟ್ಟರು. "ಒದರಬ್ಯಾಡ. ಸಾವಕಾಶ ಹೇಳು. ಕೇಳ್ತೈತಿ ಈಗ."

ಮಗ್ಗದ ಮನೆಗಳಲ್ಲಿ ಗೋಣು ಹಾಕುವುದು ದೊಡ್ಡ ವಿದ್ಯೆ. ಯಾರೇನು ಹೇಳಿದರೂ ಕೇಳಿಸುವುದಿಲ್ಲ. ಕೇಳಲಿಲ್ಲ ಎಂದರೆ ಹೇಳುವವರು ಮಗ್ಗ ನಿಲ್ಲಿಸಿ ಎನ್ನುತ್ತಾರೆ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಆದ್ದರಿಂದ ಗಂಡಸರು ಎಲ್ಲದಕ್ಕೂ ಗೋಣು ಹಾಕುತ್ತಾರೆ, ಆಮೇಲೆ ಹಾಕಿದ ಗೋಣಿಗೆ ಬದ್ಧರಾಗಿರುತ್ತಾರೆ. ನನಗೆ ಕೇಳಿಸಿರಲಿಲ್ಲ ಎಂದು ಒಪ್ಪಿಕೊಳ್ಳುವುದು ಮರ್ಯಾದೆಯ ಪ್ರಶ್ನೆ.

ದಾನಮ್ಮ ಹತ್ತಿರ ಬಂದು ಕುಳಿತಳು. ದನಿ ತಗ್ಗಿಸಿದಳು. ಅದು ಇಷ್ಟು ಮೆತ್ತಗಿದೆಯೆಂದು ಕಸ್ತೂರಿಗೂ ಗೊತ್ತಿರಲಿಲ್ಲ.

"ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬಾರ್ದು. ಕಸ್ತೂರಿನ್ನ ಜಮಖಂಡಿ ನೂಲಿನ ಅಂಗಡ್ಯಾವ್ರ ಮನಿಗೆ ಕೊಡೂದು ಅಂತ ನೀವು ಮಾತು ಕೊಡಾಕ ಹೊಂಟಿದ್ರಿ. ನೆನಪೈತೇನು?"

"ಐತಿ. ಆಮ್ಯಾಲ ನಾನಽ ಧಾರವಾಡಕ್ಕ ಓದಾಕ ಕಳಿಸಿದೆ."

"ಅಡಗಿಮನ್ಯಾಗ ಕೇಳಿದ್ರ ಒಲ್ಲೆ ಅಂದ್ರಿ. ಮರುದಿನ ಆರೂ ಮಗ್ಗ ಓಡೂ ಹೊತ್ತನ್ಯಾಗ ಪಡಸಾಲ್ಯಾಗ ನಿಮ್ಮ ಮುಂದ ಬಂದು ನಿಂತು, ಧಾರವಾಡಕ್ಕ ಕಳಸೂದೇನು ಅಂತ ಮತ್ತ ಕೇಳಿದೆ. ಗೋಣು ಹಾಕಿದ್ರಿ."

ಸೋದರಸೊಸೆಯನ್ನು ವಿಜ್ಞಾನಿ ಮಾಡಿದವನು ನಾನು ಎಂದು ಶ್ರೀಶೈಲಪ್ಪನವರು ಊರ ಕಟ್ಟೆಯ ಮೇಲೆ ಎಷ್ಟು ವರ್ಷ ಮೀಸೆ ತಿರುವಿದ್ದರೋ!

"ನನಗ ಏನೂ ಕೇಳಿರಲಿಲ್ಲಲ್ಲೇ!"

"ಕೇಳೂದಿಲ್ಲ ಅಂತ ಗೊತ್ತಿದ್ದಽ ಅಲ್ಲಿ ಬಂದು ಕೇಳಿದ್ದು."

ಕಸ್ತೂರಿ ನಗಲಾರಂಭಿಸಿದಳು, ನಗು ಯಾವಾಗ ಅಳುವಾಯಿತೋ ಅವಳಿಗೆ ತಿಳಿಯಲಿಲ್ಲ. ಯಾವ ಸದ್ದನ್ನು ಅಡಗಿಸಲು ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದಳೋ, ಆ ವಿದ್ಯೆಯನ್ನು ಅವಳಿಗೆ ಕೊಡಿಸಿದ್ದೇ ಆ ಸದ್ದು. ಅವಳ ಪೆಟ್ಟಿಗೆ ಆ ದಿನ ಈ ಮನೆಯಲ್ಲಿ ಇದ್ದಿದ್ದರೆ ಮಾಮಾನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸುತ್ತಿತ್ತು, ಅವಳು ಜಮಖಂಡಿಯಲ್ಲಿ ನೂಲು ತೂಗುತ್ತಿದ್ದಳು. ಅವಳು ಅತ್ತೆಯ ಕೈ ಹಿಡಿದುಕೊಂಡಳು.

ಶ್ರೀಶೈಲಪ್ಪನವರು ಮಗ್ಗದ ಕೋಣೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕಡೆಗೆ ಮೆಲ್ಲಗೆ ಬಾಗಿ, ಸ್ವಲ್ಪ ಹೆದರಿದವರಂತೆ ಕೇಳಿದರು:

"ಮತ್ತ ನಾ ಇನ್ನೂ ಏನೇನಕ್ಕ ಗೋಣು ಹಾಕೇನಿ?"

ದಾನಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು.

"ಭಾಳ ಅದಾವ. ಚಾ ಇಡ್ತೀನಿ. ಕುಂದರ್ರಿ, ಒಂದೊಂದಽ ಹೇಳ್ತೀನಿ."