ವನಜಾಳ ನಂತರದ ಹೆಸರುಗಳು

"ವಸುಮತಿಯಕ್ಕನ ಹೆಸರು ಅಳಿಸಿದ್ದು ನೀವೇ ಅಲ್ವಾ?"

ಬಾಗಿಲಲ್ಲಿ ನಿಂತವನ ಧ್ವನಿಗೆ ರಮ್ಯಶ್ರೀ ಬೆಚ್ಚಿಬಿದ್ದಳು. ನಾಯ್ಮಾರ್ಮೂಲೆಯ ಹತ್ತಿರದ ಆ ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಯಾರೂ ಹೀಗೆ ನುಗ್ಗಿ ಬಂದದ್ದಿಲ್ಲ.

"ನೀವು ಯಾರು?"

"ಗಣೇಶಪ್ರಸಾದ. ಎಣ್ಮಕಜೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಕೊಡುವವ. ನಿನ್ನೆಯ ಕ್ಯಾಂಪಿಗೆ ಕರ್ಕೊಂಡು ಬರ್ಲಿಕ್ಕೆ ವ್ಯಾನ್ ಬರ್ತದೆ ಅಂತ ನಾನೇ ಅವರಿಗೆ ಹೇಳಿದ್ದು. ನಡೀಲಿಕ್ಕಾಗದ ಹೆಂಗಸು, ಬೆಳಗ್ಗೆ ಏಳಕ್ಕೇ ಒಳ್ಳೆ ಸೀರೆ ಉಟ್ಟು ಜಗಲಿಯಲ್ಲಿ ಕೂತವರು ಮಧ್ಯಾಹ್ನದವರೆಗೆ ಕಾದರು. ವ್ಯಾನ್ ಬರಲೇ ಇಲ್ಲ! ಕೇಳಿದ್ರೆ ಪಟ್ಟಿಯಲ್ಲಿ ಹೆಸರೇ ಇಲ್ಲವಂತೆ!"

ಹೋದ ವಾರ ಎರಡೆರಡು ಸಲ ಸೇರಿದ್ದ ಹೆಸರುಗಳನ್ನು ಅಳಿಸಿದ್ದು ರಮ್ಯಶ್ರೀಯೇ.

ನಾನೇ ತಪ್ಪು ಮಾಡಿಬಿಟ್ಟೆನೇ?

ಆದರೆ ಅವನ ಕಣ್ಣಿನ ಸಿಟ್ಟು ಅವಳ ಹಠವನ್ನೂ ಕೆಣಕಿತು.

"ಅವರ ಹೆಸರು ಸೇರಿಸುವ ಫಾರಂ ನೀವು ಕೊಟ್ಟಿದ್ದೀರೋ ಇಲ್ವೋ ನನಗೆಂತ ಗೊತ್ತು?"

"ನಾನು ಸುಳ್ಳು ಹೇಳ್ತಿದ್ದೇನೆ ಅಂತಲಾ?"

ಬಾಗಿಲು ಬಡಿದುಕೊಂಡು ಹೋದ.

ಮ್ಯಾನೇಜರ್ ಲೋಕನಾಥರೂ ಅವನ ಪರವೇ. "ತಪ್ಪಾಯಿತು ಅಂತ ಬರೆದು ಕೊಡಮ್ಮ. ಬರುವ ಮಂಗಳವಾರದ ಕ್ಯಾಂಪಿಗೆ ಯಾರ ಹೆಸರೆಲ್ಲ ಬಿಟ್ಟುಹೋಗಿದೆಯೋ ನೋಡಿ ಕೈಯಲ್ಲೇ ಬರೆಯುವ."

"ಬರೆದು ಕೊಡ್ತೇನೆ ಸರ್. ತಪ್ಪು ನನ್ನದು ಅಂತ ಗೊತ್ತಾದ ಮೇಲೆ."

ಅವಳು ನೇರವಾಗಿ ಕಂಪ್ಯೂಟರಿನ ಮೂಲ ಕಡತವನ್ನೇ ತೆರೆದಳು. ಒಟ್ಟು ಸಾವಿರದ ನಲವತ್ತು ಹೆಸರು. ವಸುಮತಿ... ಇದ್ದಾರೆ! ಅಬ್ಬಾ, ಅಳಿಸಿಲ್ಲ!

ಆದರೆ ರಿಸೆಪ್ಶನ್‌ನವರು ವ್ಯಾನ್ ಕಳಿಸಲು ನೋಡುವ ಪರದೆಯಲ್ಲಿ ಅದೇ ಹೆಸರಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಪುಟಪುಟವಾಗಿ ಸರಿಯುವ ಆ ಪಟ್ಟಿಗೆ ಸಬ್‌ಫೈಲ್ ಎನ್ನುತ್ತಾರೆ. ಅದನ್ನು ತೋರಿಸುವ, ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ಅವಳು ಹುಟ್ಟುವ ಮೊದಲೇ ಯಾರೋ ಬರೆದದ್ದು. ಪುಟ ಸರಿಸುವ ಕೀಲಿ ಕೆಟ್ಟಿದೆಯೇ ಎಂದು ನೋಡಿದಳು. ಹಳೆಯ ಪಟ್ಟಿ ಅಳಿಯದೆ ಉಳಿಯುತ್ತಿದೆಯೇ ಎಂದು ನೋಡಿದಳು. ಶನಿವಾರ ಸಂಜೆಯಾದರೂ ಉತ್ತರವಿಲ್ಲ.

ಕೊನೆಗೆ ಗಣೇಶಪ್ರಸಾದನಿಗೇ ಫೋನ್ ಮಾಡಿದಳು.

"ನಿಮ್ಮ ರಿಜಿಸ್ಟರ್ ತಕೊಂಡು ಸೋಮವಾರ ಬೆಳಗ್ಗೆ ಬನ್ನಿ. ಒಂದೊಂದೇ ಹೆಸರು ಓದಿ, ನಾನು ಹುಡುಕ್ತೇನೆ. ನಂಬಿಕೆ ಇಲ್ಲದಿದ್ದರೂ ಪರವಾಗಿಲ್ಲ."

ಬಂದ. ಬಿಗಿದ ಮುಖದಲ್ಲೇ ಕುಳಿತ. ಮೊದಲು ಬರೀ ಹೆಸರು ಓದುತ್ತಿದ್ದವನು ನಿಧಾನವಾಗಿ ಮೆತ್ತಗಾದ. "ಕುಂಞ... ಹೋದ ತಿಂಗಳು ಕೋಲಿಲ್ಲದೆ ನಾಲ್ಕು ಹೆಜ್ಜೆ ನಡೆದ್ರು. ಸುಬ್ಬಲಕ್ಷ್ಮಿ... ಕಾಫಿ ಕುಡಿಸದೆ ಬಿಡುವುದಿಲ್ಲ."

ಇವನಿಗೆ ಇವರು ಬರೀ ಹೆಸರುಗಳಲ್ಲ... ರಮ್ಯಶ್ರೀ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

"ವೆಂಕಪ್ಪ?"

"ಇಲ್ಲ."

"ಯಮುನಾ?"

"ಇಲ್ಲ... ನಿಲ್ಲಿ ನಿಲ್ಲಿ! ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕೊನೆಗೆ ಬರುವವರೇ ಇಲ್ಲ! ವನಜಾ ಇದ್ದಾಳೆ, ಅವಳ ನಂತರ ಯಾರೂ ಇಲ್ಲ!"

ಅವಳು ಪುಟಗಳನ್ನು ಎಣಿಸಿದಳು. ಪುಟಕ್ಕೆ ಹದಿನೈದು ಹೆಸರಿನಂತೆ ತುಂಬಿದ ಪುಟ ಅರವತ್ತಾರು. ಕೊನೆಯ ಪುಟದಲ್ಲಿ ಒಂಬತ್ತು.

"ಒಂಬೈನೂರ ತೊಂಬತ್ತೊಂಬತ್ತು!" ಅವಳು ಎದ್ದೇ ನಿಂತಳು.

"ಹಾಗಂದ್ರೆ ಎಂತ?"

"ಇಲ್ಲಿ ನೋಡಿ, ಪ್ರೋಗ್ರಾಂನಲ್ಲಿ ಸಾಲು ಎಣಿಸುವ ಜಾಗಕ್ಕೆ ಮೂರೇ ಅಂಕಿ ಕೊಟ್ಟಿದ್ದಾರೆ. ಸಾವಿರ ಅಲ್ಲಿ ಹಿಡಿಯುವುದಿಲ್ಲ, ಸೊನ್ನೆಯಾಗ್ತದೆ; ಸೊನ್ನೆಯನೇ ಸಾಲು ಅಂತ ಇಲ್ಲದ್ದರಿಂದ ತಪ್ಪು ಬರ್ತದೆ. ತಪ್ಪು ಬಂದರೆ ಸುಮ್ಮನೆ ಪಟ್ಟಿ ಮುಗಿಸು ಅಂತಲೂ ಬರೆದಿದ್ದಾರೆ. ಹೋದ ತಿಂಗಳು ನಮ್ಮ ರೋಗಿಗಳು ಸಾವಿರ ದಾಟಿದ್ರು ನೋಡಿ!"

ಮೂರು ಅಂಕಿಯ ಜಾಗವನ್ನು ನಾಲ್ಕು ಮಾಡಿದಳು. ತಪ್ಪು ಬಂದರೆ ಪರದೆಯ ಮೇಲೆ ತಿಳಿಸುವಂತೆಯೂ ಬರೆದಳು. ಪ್ರೋಗ್ರಾಂ ಮತ್ತೆ ಓಡಿತು. ಪುಟ ಸರಿಯಿತು, ಸರಿಯಿತು... ವನಜಾ, ವಸಂತ, ವಸುಮತಿ!

ಗಣೇಶಪ್ರಸಾದ ಎದ್ದು ಹೊರಗೆ ನಡೆದ.

ಒಂದು ಮಾತೂ ಇಲ್ಲವೇ? ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಹಜಾರದಿಂದ ಅವನ ಧ್ವನಿ ಕೇಳಿಸಿತು. ಎಲ್ಲರೆದುರು ಲೋಕನಾಥರ ಮುಂದೆ ನಿಂತಿದ್ದ. "ಸರ್, ಅವರು ಯಾರ ಹೆಸರನ್ನೂ ಕಳೆದಿಲ್ಲ. ನಲವತ್ತೊಂದು ಜನರನ್ನು ಹುಡುಕಿ ಕೊಟ್ಟಿದ್ದಾರೆ. ತಪ್ಪಾಯಿತು ಅಂತ ಬರೆದು ಕೊಡಬೇಕಾದ್ದು ನಾನು."

ಮಂಗಳವಾರ ವ್ಯಾನಿನಲ್ಲಿ ರಮ್ಯಶ್ರೀಯೂ ಎಣ್ಮಕಜೆಗೆ ಹೋದಳು. ವಸುಮತಿಯಕ್ಕನ ಮುಂದೆ ಕುಳಿತು ಅವರ ಕೈ ಹಿಡಿದು, "ನಮ್ಮಿಂದ ನೀವು ಕಾಯುವ ಹಾಗಾಯಿತು ಅಕ್ಕಾ," ಎಂದಳು.

"ಹೇಳ್ಲಿಕ್ಕೆ ಇಷ್ಟು ದೂರ ಬಂದಿಯಲ್ಲ ಮಗಾ, ಸಾಕು," ಎಂದು ಅವರು ಅವಳ ಕೆನ್ನೆ ಸವರಿದರು. ಬಾಗಿಲ ಬಳಿ ನಿಂತಿದ್ದ ಗಣೇಶಪ್ರಸಾದ ಮುಖ ಆಚೆ ತಿರುಗಿಸಿಕೊಂಡ.

ಆಮೇಲೆ ಪ್ರತಿ ಶುಕ್ರವಾರ ಅವನು ಕಂಪ್ಯೂಟರ್ ಕೋಣೆಗೆ ಬರತೊಡಗಿದ. ಪಟ್ಟಿ ಸರಿ ಉಂಟಾ ಎಂದು ಕೇಳುವನು. ಅವಳು ಉಂಟು ಎನ್ನುವಳು. ಆದರೂ ಅರ್ಧ ಗಂಟೆ ಕೂರುವನು.

ಮೂರು ತಿಂಗಳ ನಂತರದ ಒಂದು ಶುಕ್ರವಾರ ಅವಳೇ ಕೇಳಿಬಿಟ್ಟಳು. "ಪಟ್ಟಿ ಇನ್ನು ಕೆಡುವುದಿಲ್ಲ. ಮತ್ತೆ ಯಾಕೆ ಬರುವುದು ನೀವು?"

ಅವನ ಕಿವಿ ಕೆಂಪಾಯಿತು. "ನಿಮ್ಮನ್ನು ನೋಡ್ಲಿಕ್ಕೆ..."

ಅವಳು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು.

"ನನಗೆ ಸಿಟ್ಟು ಬೇಗ ಬರ್ತದೆ ರಮ್ಯಶ್ರೀ. ನಿಮಗೆ ಗೊತ್ತುಂಟು. ಆದರೂ... ನನ್ನನ್ನು ಮದುವೆ ಆಗ್ತೀರಾ?"

"ನನಗೆ ಹಠ ಜಾಸ್ತಿ. ಅದು ನಿಮಗೆ ಗೊತ್ತುಂಟಾ?"

"ಅದನ್ನು ನೋಡಿದ ಮೇಲೆಯೇ ಕೇಳ್ತಿರುವುದು!"

ಅವಳ ತುಟಿಯಲ್ಲಿ ನಗು ಅರಳಿತು. "ಹಾಗಾದ್ರೆ ಆದಿತ್ಯವಾರ ಮನೆಗೆ ಬನ್ನಿ. ಅಪ್ಪನ ಹತ್ತಿರ ನೀವೇ ಕೇಳಬೇಕು."

"ಒಪ್ಪದಿದ್ರೆ?"

"ಒಪ್ಪಿಸುವ ಕೆಲಸ ನನಗೆ ಬಿಡಿ," ಎಂದು ರಮ್ಯಶ್ರೀ ಮೊದಲ ಸಲ ಅವನ ಕೈ ಹಿಡಿದಳು.